ಮನೆಯನ್ನು ಯಾರೂ ಅಳೆಯಲಿಲ್ಲ

ಕೊಪ್ಪ ತಾಲ್ಲೂಕಿನ ಬಾಳಗಡಿಯ ಆಸುಪಾಸಿನಲ್ಲಿ ನಮ್ಮ ದೊಡ್ಡಪ್ಪನ ಮನೆಯಿದೆ. ಊರಿನ ಹೆಸರಿನಲ್ಲೇ ಗಡಿ ಇದ್ದರೂ ಮನೆಯ ಗಡಿ ಎಲ್ಲಿದೆ ಎಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಅದು ತಿಳಿದದ್ದು ಮನೆ ಮಾರುವ ಮಾತು ಬಂದಾಗ.

ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ದೊಡ್ಡಪ್ಪನಿಗೆ ಎಪ್ಪತ್ತೆಂಟು. ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಹತ್ತುವುದು ಕಷ್ಟ. ಕೊನೆ ಕೊಯ್ಯುವವರು ಸಿಕ್ಕುವುದು ಇನ್ನೂ ಕಷ್ಟ. ಮಾರಿಬಿಡೋಣ ಎಂದು ತೀರ್ಮಾನವಾಯಿತು. ಘಟ್ಟದ ಕೆಳಗಿನಿಂದ ಒಬ್ಬರು ನೋಡಲು ಬಂದರು. ಜಗಲಿಯಲ್ಲಿ ಕುಳಿತು ಕಾಫಿ ಕುಡಿದು ಕೇಳಿದರು:

“ಒಟ್ಟು ಎಷ್ಟು ಸೆಂಟ್ಸ್ ಉಂಟು ಯಜಮಾನ್ರೇ?”

“ಸೆಂಟ್ಸ್ ಲೆಕ್ಕ ನಂಗೆ ಗೊತ್ತಿಲ್ಲ. ಕೆಳಗೆ ಹಳ್ಳ, ಆಚೆಗೆ ಆ ದರೆ, ಮೇಲೆ ಬೆಟ್ಟ. ಸುಮಾರು ಎರಡೂವರೆ ಎಕರೆ ಇರಬಹುದು.”

ಬಂದವರು ಎರಡೂವರೆ ಎಕರೆಯನ್ನು ಇನ್ನೂರೈವತ್ತು ಸೆಂಟ್ಸ್ ಎಂದು ಮನಸ್ಸಿನಲ್ಲೇ ಬರೆದುಕೊಂಡು ಹೋದರು. ಅವರು ಹೋದ ಮೇಲೆ ಒಳಗಿನಿಂದ ದೊಡ್ಡಮ್ಮ ಬಂದು ಹೇಳಿದ ಮಾತು ನನಗೆ ಇನ್ನೂ ನೆನಪಿದೆ. “ಮಾರೂದು ಆಮೇಲೆ. ಮೊದ್ಲು ಅಳತೆ ಮಾಡ್ಸಿ. ನಾಳೆ ಆ ಮನುಷ್ಯ ಇದೇ ಅಂಗಳದಲ್ಲಿ ನಿಂತು, ನೀವು ಹೇಳಿದ ಎರಡೂವರೆ ಎಕರೆ ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ತೀರಿ?”

ಆ ಪ್ರಶ್ನೆಯ ಬೆನ್ನು ಹಿಡಿದು ಹೋದಾಗ ಒಂದು ವಿಷಯ ನನಗೆ ಸ್ಪಷ್ಟವಾಯಿತು. ನಮ್ಮ ನೆಲವನ್ನು ಶತಮಾನಗಳಿಂದ ಅಳೆಯುತ್ತಲೇ ಬಂದಿದ್ದಾರೆ. ಆದರೆ ಆ ಅಳತೆಗಳೆಲ್ಲ ನಡೆದದ್ದು ಮುಖ್ಯವಾಗಿ ಕಂದಾಯಕ್ಕಾಗಿ. ಬೆಳೆ ಬರುವ ನೆಲದ ಲೆಕ್ಕ ಸರ್ಕಾರಕ್ಕೆ ಬೇಕಿತ್ತು. ಬೆಳೆಯಿಲ್ಲದ ಮನೆ, ಅಂಗಳ, ಕೊಟ್ಟಿಗೆಗಳ ಲೆಕ್ಕ ಬೇಕಿರಲಿಲ್ಲ. ಮನೆಯ ಗಡಿಯನ್ನು ಮನೆಯವರಿಗಾಗಿ ತಿಳಿಯಬೇಕಾದ ಸಂದರ್ಭ ಬಹುಮಟ್ಟಿಗೆ ಬರುವುದು ಮಾರುವ ಹೊತ್ತಿನಲ್ಲೇ.

ಹಳೆಯ ಕಾಲದ ಗಡಿಗಳನ್ನು ನೋಡೋಣ. ನಮ್ಮ ಶಾಸನಗಳಲ್ಲಿ ಭೂಮಿ ದಾನ ಕೊಡುವಾಗ ಚತುಸ್ಸೀಮೆಯನ್ನು ಹೇಳುತ್ತಾರೆ. ಮೂಡಲಿಗೆ ಹಳ್ಳ, ತೆಂಕಲಿಗೆ ಹುಟ್ಟುಬಂಡೆ, ಪಡುವಲಿಗೆ ಇಂಥ ಮರ, ಬಡಗಲಿಗೆ ನೆಟ್ಟ ಕಲ್ಲು ಎನ್ನುವ ಬಗೆ ಅದು. 1346ರಲ್ಲಿ ಹರಿಹರ ಮತ್ತು ಅವನ ಸಹೋದರರು ಶೃಂಗೇರಿಯಲ್ಲಿ ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂಮಿ ದಾನ ಕೊಟ್ಟದ್ದು ಪ್ರಸಿದ್ಧ. ಈ ಸೀಮೆಯ ಶಾಸನಗಳೆಲ್ಲ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟದಲ್ಲಿ, ಆಗಿನ ಕಡೂರು ಜಿಲ್ಲೆಯ ಹೆಸರಿನಲ್ಲಿ ಸೇರಿವೆ. ದಾನದ ಭೂಮಿಗೆ ಮುದ್ರೆಕಲ್ಲು ನೆಡುವ ರೂಢಿಯಿತ್ತು. ಶಿವಾಲಯದ ಭೂಮಿಗೆ ಲಿಂಗಮುದ್ರೆ, ವಿಷ್ಣುವಿನ ದೇವಾಲಯಕ್ಕೆ ವಾಮನಮುದ್ರೆ, ಬಸದಿಗೆ ಮುಕ್ಕೊಡೆ. ಕಲ್ಲು ಕಿತ್ತವನಿಗೆ ಪಾಪದ ಶಾಪವೂ ಶಾಸನದಲ್ಲೇ ಇರುತ್ತಿತ್ತು.

ಆ ದಾನಗಳಲ್ಲಿ ಇನ್ನೊಂದು ಪಟ್ಟಿ ಬರುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವೇ ಅಷ್ಟಭೋಗಗಳು. ಹೂತಿಟ್ಟ ನಿಧಿಯಿಂದ ಮುಂದೆ ಬರಬಹುದಾದ ಆದಾಯದವರೆಗೆ ಎಲ್ಲವೂ ಪಡೆದವನಿಗೆ ಸೇರಿದ್ದು ಎಂದು ಅರ್ಥ. ದೊಡ್ಡಪ್ಪನ ಟ್ರಂಕಿನಲ್ಲಿದ್ದ ಹಳೆಯ ಕ್ರಯಪತ್ರದಲ್ಲೂ ಈ ಎಂಟು ಪದಗಳಿದ್ದವು. ಅದರ ಕೊನೆಯಲ್ಲಿ ಚಕ್ಕುಬಂದಿ ಇತ್ತು: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸೊಪ್ಪಿನಬೆಟ್ಟ, ಉತ್ತರಕ್ಕೆ ಇಂಥವರ ಗದ್ದೆ, ದಕ್ಷಿಣಕ್ಕೆ ಇಂಥವರ ತೋಟದ ಅಗಳು. ಶತಮಾನಗಳು ಕಳೆದರೂ ಗಡಿ ಹೇಳುವ ರೀತಿ ಹೆಚ್ಚು ಬದಲಾಗಿರಲಿಲ್ಲ. ‘ಹಳ್ಳ’ ಎಂದರೆ ಹಳ್ಳದ ಯಾವ ದಂಡೆ, ‘ಬೆಟ್ಟ’ ಎಂದರೆ ಬೆಟ್ಟ ಎಲ್ಲಿಂದ ಶುರು ಎಂದು ಪತ್ರ ಹೇಳುವುದಿಲ್ಲ. ಅದು ಊರಿಗೆ ಗೊತ್ತಿರುತ್ತಿತ್ತು.

ಅಳತೆಯ ಕಥೆಗೆ ಬಂದರೆ ಮಲೆನಾಡಿನಲ್ಲಿ ಮೊದಲು ನೆನಪಾಗುವ ಹೆಸರು ಕೆಳದಿಯ ಶಿವಪ್ಪನಾಯಕ. 1645ರಿಂದ 1660ರವರೆಗೆ ಆಳಿದವನು. ಕೊಪ್ಪ, ಶೃಂಗೇರಿಯ ಕಡೆಯೂ ಕೆಳದಿ ಅರಸರ ಹಿಡಿತಕ್ಕೆ ಬಂದಿತ್ತು. ಅವನು ಮಾಡಿದ ಕಂದಾಯದ ವ್ಯವಸ್ಥೆಗೆ ‘ಶಿವಪ್ಪನಾಯಕನ ಶಿಸ್ತು’ ಎಂದು ಹೆಸರು. ಬೇರೆಬೇರೆ ದರ್ಜೆಯ ಭೂಮಿಯಲ್ಲಿ ಐದು ವರ್ಷ ಬೆಳೆ ತೆಗೆದು, ಬಿತ್ತಿದ್ದೆಷ್ಟು ಬಂದದ್ದೆಷ್ಟು ಎಂದು ಬರೆಸಿ, ಸರಾಸರಿ ತೆಗೆದು, ಮೂರರಲ್ಲಿ ಒಂದು ಪಾಲನ್ನು ಅರಮನೆಗೆ ನಿಗದಿ ಮಾಡಿದ ಎಂಬುದು ಆ ಶಿಸ್ತಿನ ಬಗ್ಗೆ ಬಂದಿರುವ ವಿವರ. ಗದ್ದೆಯ ವಿಸ್ತಾರವನ್ನು ಹೇಳುತ್ತಿದ್ದದ್ದು ಬೀಜವರಿಯಿಂದ, ಅಂದರೆ ಎಷ್ಟು ಬೀಜ ಬಿತ್ತಬಹುದು ಎಂಬುದರಿಂದ. ಅಡಕೆ ತೋಟಕ್ಕೆ ಮರಗಳ ಲೆಕ್ಕ. ತೋಟ ಅಳೆಯುವ ಗಳುವಿಗೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲೊಂದರ ಉದ್ದವೇ ಪ್ರಮಾಣ, ಈಗಿನ ಲೆಕ್ಕದಲ್ಲಿ ಹದಿನೆಂಟು ಅಡಿಗೆ ತುಸು ಹೆಚ್ಚು.

ಈ ಅಳತೆಯನ್ನು ಸ್ವಲ್ಪ ಯೋಚಿಸಿ ನೋಡಬೇಕು. ಒಂದು ಖಂಡುಗ ಬೀಜವರಿ ಗದ್ದೆ ಎಂದರೆ ಅದು ನೆಲದ ಆಕಾರವಲ್ಲ, ನೆಲದ ಶಕ್ತಿ. ಸಾವಿರ ಮರದ ತೋಟ ಎಂದರೂ ಹಾಗೆಯೇ. ಭತ್ತ ಬಿತ್ತದ, ಅಡಕೆ ನೆಡದ ಜಾಗಕ್ಕೆ ಈ ಲೆಕ್ಕದಲ್ಲಿ ಸ್ಥಾನವೇ ಇಲ್ಲ. ಮನೆ ಎಲ್ಲಿತ್ತು, ಅಂಗಳ ಎಷ್ಟು ದೊಡ್ಡದು ಎಂಬುದು ಶಿಸ್ತಿನ ಕಡತಕ್ಕೆ ಬೇಡದ ವಿಷಯ.

ಕೆಳದಿ ರಾಜ್ಯ 1763ರಲ್ಲಿ ಹೈದರಾಲಿಯ ಕೈಸೇರಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ತೊಡಗಿದ. ಅದು ದೇಶದ ನಕ್ಷೆ, ಹೊಲದ ನಕ್ಷೆಯಲ್ಲ. ಬೆಟ್ಟ, ಹೊಳೆ, ಕೋಟೆ, ದಾರಿಗಳು ಅದರಲ್ಲಿ ಬಂದವು. ಕಂದಾಯದ ಲೆಕ್ಕ ಮಾತ್ರ ಶಾನುಭೋಗರ ಕಡತಗಳಲ್ಲೇ ಉಳಿಯಿತು. ಆ ಲೆಕ್ಕದ ಮೇಲೆ ರೈತರಿಗೆ ನಂಬಿಕೆ ಕಳೆದುಹೋದರೆ ಏನಾಗುತ್ತದೆ ಎಂಬುದನ್ನು 1830–31ರ ನಗರ ದಂಗೆ ತೋರಿಸಿತು. ಕಂದಾಯದ ಹೊರೆಯೂ ಅಧಿಕಾರಿಗಳ ಸುಲಿಗೆಯೂ ಅದಕ್ಕೆ ದೊಡ್ಡ ಕಾರಣಗಳಾಗಿದ್ದವು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ವಹಿಸಿಕೊಂಡರು. ಮಲೆನಾಡಿನ ಹಿರಿಯರು ಅಳತೆಯವರನ್ನು ಕಂಡರೆ ಒಳಗೊಳಗೇ ಹೆದರುತ್ತಿದ್ದದ್ದು ಸುಮ್ಮನೆ ಅಲ್ಲ. ಅಳತೆ ಎಂದರೆ ಅವರಿಗೆ ಕಂದಾಯ ಹೆಚ್ಚಾಗುವ ಸೂಚನೆ.

ಇಂದು ನಾವು ‘ಸರ್ವೆ ನಂಬರ್’ ಎಂದು ಕರೆಯುವುದು ಬಂದದ್ದು ಇದರ ನಂತರ. ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಮುಂಬಯಿ ಪ್ರಾಂತದ ಪದ್ಧತಿಯ ರೆವಿನ್ಯೂ ಸರ್ವೆ ಮೈಸೂರಿನಲ್ಲಿ ಆರಂಭವಾಯಿತು. ಕಬ್ಬಿಣದ ಸರಪಳಿ ಹಿಡಿದು ಹೊಲ ಹೊಲ ಸುತ್ತಿದರು. ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆ. ಒಂದು ಆಣೆ ಎಂದರೆ ಎರಡು ಅಡಿ ಮುಕ್ಕಾಲು ಅಂಗುಲ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಘಟ್ಟದ ಕೆಳಗೆ, ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ, ಎಕರೆಯನ್ನು ನೂರು ಸೆಂಟ್ಸ್ ಮಾಡಿದರು. ಆಗುಂಬೆ ಘಾಟಿ ಹತ್ತಿ ಬಂದವರು ಸೆಂಟ್ಸ್ ಕೇಳುವುದಕ್ಕೂ ಇಲ್ಲಿಯವರು ಗುಂಟೆ ಹೇಳುವುದಕ್ಕೂ ಕಾರಣ ಇದು. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ರಾಜ್ಯ ಒಂದಾದರೂ ಎರಡು ಸರ್ವೆಗಳ ಮಾತು ಇನ್ನೂ ಒಂದಾಗಿಲ್ಲ.

ಹೊಲದಲ್ಲಿ ನಿಂತು ಅಳೆದದ್ದನ್ನು ಸರ್ವೆಯವರು ಟಿಪ್ಪಣಿಯಲ್ಲಿ ಬರೆದರು. ಟಿಪ್ಪಣಿ ಎಂದರೆ ಹೊಲದ ಕರಡು ಚಿತ್ರ. ನಡುವೆ ಒಂದು ಉದ್ದದ ಗೆರೆ, ಅದರಿಂದ ಎಡಕ್ಕೂ ಬಲಕ್ಕೂ ಲಂಬವಾಗಿ ಎಳೆದ ಚಿಕ್ಕ ಗೆರೆಗಳು, ಅವುಗಳ ಮೇಲೆ ಸರಪಳಿ ಮತ್ತು ಆಣೆಯ ಅಂಕಿಗಳು. ಮೂಲೆಗಳಲ್ಲಿ ಬಾಂದು ಕಲ್ಲು. ಟಿಪ್ಪಣಿ ಕಣ್ಣಿಗೆ ವಕ್ರವಾಗಿ ಕಾಣಬಹುದು, ಅಂಕಿಗಳು ಮುಖ್ಯ. ವಿಸ್ತೀರ್ಣವೂ ಕಂದಾಯವೂ ಆಕಾರಬಂದ್ ಎಂಬ ಇನ್ನೊಂದು ದಾಖಲೆಗೆ ಹೋದವು. ಯಾರ ಕೈಯಲ್ಲಿದೆ, ಏನು ಬೆಳೆ ಎಂಬುದು ಪಹಣಿಗೆ. ಈ ಮೂರೂ ಒಂದೇ ನೆಲದ ಮೂರು ಮುಖಗಳು. ಮೂರೂ ತಾಳೆಯಾಗಬೇಕು, ಎಷ್ಟೋ ಕಡೆ ತಾಳೆಯಾಗುವುದಿಲ್ಲ.

ಸರ್ವೆಯ ಮೂಲ ಗುರಿ ಕಂದಾಯವಾದ್ದರಿಂದ ಕಂದಾಯ ಹಾಕಲಾಗದ ನೆಲವನ್ನು ಲೆಕ್ಕದಿಂದ ಕಳೆಯಬೇಕಿತ್ತು. ಅದಕ್ಕೆ ‘ಖರಾಬು’ ಎಂದು ಹೆಸರು. ಈಗಲೂ ಪಹಣಿಯ ಮೂರನೆಯ ಅಂಕಣದಲ್ಲಿ ಅದು ಇದೆ. 1966ರ ಭೂಕಂದಾಯ ನಿಯಮಗಳ ಪ್ರಕಾರ ಖರಾಬಿನಲ್ಲಿ ಎರಡು ಬಗೆ. ‘ಅ’ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ಹಿಡುವಳಿದಾರನ ಕೃಷಿ ಕಟ್ಟಡಗಳೂ ಕಣವೂ ಇದರಲ್ಲೇ ಸೇರುತ್ತವೆ. ‘ಬ’ ಖರಾಬು ಎಂದರೆ ಸಾರ್ವಜನಿಕರಿಗೆ ಮೀಸಲಾದದ್ದು: ದಾರಿ, ಕಾಲುದಾರಿ, ಇತರರೂ ಬಳಸುವ ಹಳ್ಳ, ಸ್ಮಶಾನ. ನಾವು ಹುಟ್ಟಿ ಬೆಳೆದ ಕೊಟ್ಟಿಗೆ, ಕಣ, ಅಡಕೆ ಒಣಗಿಸುವ ಅಂಗಳ ಸರ್ಕಾರದ ಭಾಷೆಯಲ್ಲಿ ಖರಾಬು. ಬೈಗುಳವೇನಲ್ಲ, ಕಂದಾಯ ಬರುವುದಿಲ್ಲ ಎಂದಷ್ಟೇ ಅರ್ಥ. ಬಯಲುಸೀಮೆಯಲ್ಲಿ ಮನೆಗಳು ಒತ್ತಾಗಿರುವ ಗ್ರಾಮಠಾಣಾವನ್ನು ಸರ್ವೆ ಸುತ್ತಲಿನಿಂದ ಒಂದೇ ತುಂಡಾಗಿ ಬಿಟ್ಟಿತು, ಒಳಗಿನ ಮನೆಗಳನ್ನು ಒಂದೊಂದಾಗಿ ಅಳೆಯಲಿಲ್ಲ. ಆ ಕೊರತೆಯನ್ನು ತುಂಬಲೆಂದೇ 2020ರ ಏಪ್ರಿಲ್‌ 24ರಂದು ಕೇಂದ್ರ ಸರ್ಕಾರ ಡ್ರೋನ್ ಬಳಸುವ ಸ್ವಾಮಿತ್ವ ಯೋಜನೆಯನ್ನು ಆರಂಭಿಸಿತು. ಮಲೆನಾಡಿನಲ್ಲಿ ಮನೆಗಳು ಒತ್ತಾಗಿಲ್ಲ. ತೋಟಕ್ಕೊಂದು ಮನೆ, ಗುಡ್ಡಕ್ಕೊಂದು ಮನೆ. ಹಾಗಾಗಿ ನಮ್ಮ ಎಷ್ಟೋ ಮನೆಗಳು ತೋಟದ ಸರ್ವೆ ನಂಬರಿನಲ್ಲೋ, ಗದ್ದೆಯ ಅಂಚಿನಲ್ಲೋ, ಕೆಲವು ಕಡೆ ಅದೂ ಅಲ್ಲದ ಜಾಗದಲ್ಲೋ ನಿಂತಿವೆ.

‘ಅದೂ ಅಲ್ಲದ ಜಾಗ’ ಎಂದರೆ ನಮ್ಮ ಕಡೆ ಬಹುತೇಕ ಸೊಪ್ಪಿನಬೆಟ್ಟ. ಅಡಕೆ ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಗು ಬೇಕು. ಅದಕ್ಕಾಗಿ ತೋಟದ ಪಕ್ಕದ ಬೆಟ್ಟವನ್ನು ಬಳಸುವ ಹಕ್ಕು ತೋಟದವರಿಗೆ ಬಂದಿತ್ತು. 1964ರ ಭೂಕಂದಾಯ ಕಾಯ್ದೆಯ 79ನೆಯ ಕಲಂ ಇಂಥ ವಾಡಿಕೆಯ ಸವಲತ್ತುಗಳನ್ನು ಹೆಸರಿಸಿ ಉಳಿಸಿತು: ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ಕೊಡಗಿನ ಜಮ್ಮಾ ಬಾಣೆ, ಹಳೆ ಮೈಸೂರಿನ ಕಾನು ಮತ್ತು ಸೊಪ್ಪಿನಬೆಟ್ಟ. ಆದರೆ ಅದು ಸೊಪ್ಪು ತರುವ ಸವಲತ್ತು, ನೆಲದ ಒಡೆತನವಲ್ಲ. ಮೂರು ತಲೆಮಾರು ಸೊಪ್ಪು ತಂದವರಿಗೆ ಈ ವ್ಯತ್ಯಾಸ ಮರೆತುಹೋಗುತ್ತದೆ. ಬೆಟ್ಟ ‘ನಮ್ಮದು’ ಎಂದು ಬಾಯಿಗೆ ಬರುತ್ತದೆ. ಅದನ್ನು ಬಳಸಿಕೊಂಡಿರುವವರೆಗೆ ಆ ಮಾತಿನಿಂದ ತೊಂದರೆಯಿಲ್ಲ. ಮಾರುವಾಗ ಮಾತ್ರ, ನಮ್ಮದು ಎಂದು ಹೇಳಿದ್ದನ್ನೆಲ್ಲ ನಾವು ಕೊಡಬಲ್ಲೆವೇ ಎಂಬ ಪ್ರಶ್ನೆ ಏಳುತ್ತದೆ.

ಈ ನಡುವೆ ಇನ್ನೂ ಕೆಲವು ಬದಲಾವಣೆಗಳಾದವು. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಹೋದವು. ಗಡಿಯನ್ನು ಬಾಯಲ್ಲಿ ಹೇಳಬಲ್ಲವರ ಸಂತತಿ ಕಚೇರಿಯಿಂದ ಹೊರಗೆ ಬಂತು. 1974ರ ಮಾರ್ಚ್‌ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಅದು ಮಲೆನಾಡಿನ ಇತಿಹಾಸದಲ್ಲಿ ದೊಡ್ಡ ತಿರುವು. ಒಂದೇ ಸರ್ವೆ ನಂಬರಿನಲ್ಲಿ ಹಲವರಿಗೆ ಹಕ್ಕು ಬಂತು, ಪೋಡಿಯಾಗಿ ಪ್ರತ್ಯೇಕ ನಕ್ಷೆ ಆಗುವುದು ಎಷ್ಟೋ ಕಡೆ ಹಿಂದೆ ಬಿತ್ತು. 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿ ತಿದ್ದುವ ಆಟ ನಿಂತಿತು. ಆದರೆ ಕಂಪ್ಯೂಟರಿಗೆ ಹೋದದ್ದು ಬರಹ. ನೆಲದ ಮೇಲಿನ ಕಲ್ಲು ಇದ್ದಲ್ಲೇ ಇತ್ತು, ಅಥವಾ ಇರಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಮತ್ತೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದಾಯಿತು. ಹಿಂದೆ ಪಕ್ಕದ ತೋಟದವರೋ ನೆಂಟರೋ ಕೊಳ್ಳುತ್ತಿದ್ದರು. ಅವರಿಗೆ ಗಡಿ ಗೊತ್ತಿರುತ್ತಿತ್ತು. ಈಗ ಕೊಳ್ಳುವವರಿಗೆ ಕಾಗದವಲ್ಲದೆ ಬೇರೆ ಆಧಾರವಿಲ್ಲ.

ಅಳತೆಗೆ ಅರ್ಜಿ ಹಾಕಿದೆವು. ಹದ್ದುಬಸ್ತು ಅಳತೆ ಎನ್ನುತ್ತಾರೆ, ದಾಖಲೆಯಲ್ಲಿರುವ ಗಡಿಯನ್ನು ನೆಲದ ಮೇಲೆ ಗುರುತಿಸಿಕೊಡುವುದು. ಒಂದು ಸರ್ವೆ ನಂಬರಿನ ಸ್ವಲ್ಪ ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಬೇಕು, ಅದಿಲ್ಲದೆ ನೋಂದಣಿ ಆಗುವುದಿಲ್ಲ. ನಮ್ಮದು ಇಡೀ ಹಿಸ್ಸಾ ಆದ್ದರಿಂದ ಕಾನೂನಿಗೆ ಅದು ಬೇಕಿರಲಿಲ್ಲ. ಅಂದರೆ ಅಳತೆ ಮಾಡಿಸದೆಯೂ ಮಾರಬಹುದಿತ್ತು. ದೊಡ್ಡಮ್ಮನ ಹಟ ಇಲ್ಲದಿದ್ದರೆ ಹಾಗೆಯೇ ಆಗುತ್ತಿತ್ತು.

ಅಕ್ಕಪಕ್ಕದವರಿಗೆ ನೋಟಿಸ್ ಹೋಯಿತು. ನಿಗದಿಯಾದ ದಿನ ಸರ್ವೆಯವರು ಟಿಪ್ಪಣಿಯ ನಕಲು ಹಿಡಿದು ಬಂದರು. ಮೊದಲ ಕೆಲಸ ಹಳೆಯ ಕಲ್ಲು ಹುಡುಕುವುದು. ಲಂಟಾನ ಸವರಿದರು, ದರೆಯ ಮಣ್ಣು ಕೆರೆದರು, ಸಿಗಲಿಲ್ಲ. “ಯಜಮಾನ್ರೇ, ಕಲ್ಲು ಇಲ್ಲೇ ಎಲ್ಲೋ ಇರ್ಬೇಕು. ನಿಮ್ಗೆ ನೆನಪಿಲ್ವಾ?” ಎಂದು ಕೇಳಿದರು. ದೊಡ್ಡಪ್ಪನಿಗೆ ನೆನಪಿರಲಿಲ್ಲ. ಆಗ ಆಚೆ ಮನೆಯ ಹಿರಿಯರು ಮುಂದೆ ಬಂದರು. ಅವರ ತಂದೆ ಹಿಂದೆ ನಮ್ಮ ಮನೆಯ ಗೇಣಿ ಒಕ್ಕಲು, 1974ರ ನಂತರ ಟ್ರಿಬ್ಯೂನಲ್ಲಿನಲ್ಲಿ ಅವರ ಗದ್ದೆ ಅವರದೇ ಆಯಿತು. ಅದರಿಂದ ಎರಡು ಮನೆಗಳ ನಡುವೆ ಎಷ್ಟೋ ವರ್ಷ ಮಾತು ಕಡಿಮೆ.

“ಆ ಕಲ್ಲಾ? ನಮ್ಮಪ್ಪ ಅದ್ರ ಮೇಲೇ ಕತ್ತಿ ಮಸೀತಿದ್ದಿದ್ದು. ಬನ್ನಿ ಸಾರ್, ತೋರಿಸ್ತೀನಿ.”

ಅವರು ತೋರಿಸಿದ ಕಡೆ ಒಂದು ಅಡಿ ಅಗೆದಾಗ ಕಲ್ಲು ಸಿಕ್ಕಿತು. ಒಂದು ಬದಿ ಸವೆದು ನುಣುಪಾಗಿತ್ತು. ಆ ಕಲ್ಲಿನಿಂದ ಮುಂದಿನ ಅಳತೆ ಸುಲಭವಾಯಿತು.

ಇಲ್ಲೊಂದು ಲೆಕ್ಕ ಹೇಳಬೇಕು. ಸರ್ವೆಯಲ್ಲಿ ದೂರ ಎಂದರೆ ಮಟ್ಟಸ ದೂರ. ಇಳಿಜಾರಿನ ಮೇಲೆ ಹಗ್ಗ ಎಳೆದು ನೂರು ಅಡಿ ಅಳೆದರೆ, ಇಳಿಜಾರು ಇಪ್ಪತ್ತು ಡಿಗ್ರಿ ಇದ್ದಾಗ, ನಕ್ಷೆಯಲ್ಲಿ ಅದು ಸುಮಾರು ತೊಂಬತ್ತನಾಲ್ಕು ಅಡಿ. ಬೆಟ್ಟದ ಮೈಮೇಲೆ ಒಂದು ಎಕರೆ ಎಂದು ನಾವು ಹೆಜ್ಜೆ ಹಾಕಿ ಅಳೆದದ್ದು ಕಾಗದದಲ್ಲಿ ಮೂವತ್ತೇಳೂವರೆ ಗುಂಟೆಯಷ್ಟೇ ಆಗುತ್ತದೆ. ಯಾರೂ ಮೋಸ ಮಾಡಿಲ್ಲ, ನೆಲ ಓರೆಯಾಗಿದೆ. ಮಲೆನಾಡಿನವರು ಹೇಳುವ ‘ಸುಮಾರು’ ಯಾವಾಗಲೂ ಸ್ವಲ್ಪ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಸಂಜೆಯ ಹೊತ್ತಿಗೆ ಚಿತ್ರ ಸ್ಪಷ್ಟವಾಯಿತು. ಪಹಣಿಯಲ್ಲಿ, ಒಂದು ಗುಂಟೆ ‘ಬ’ ಖರಾಬು ಕಳೆದು, ನಮ್ಮದು 2 ಎಕರೆ 4 ಗುಂಟೆ. ನಮ್ಮ ಬೇಲಿಯೊಳಗೆ ಇದ್ದದ್ದು 2 ಎಕರೆ 22 ಗುಂಟೆ. ಹೆಚ್ಚಿಗೆ ಬಂದದ್ದರಲ್ಲಿ ಹತ್ತೊಂಬತ್ತು ಗುಂಟೆ ಸೊಪ್ಪಿನಬೆಟ್ಟ. ಮನೆ ಪೂರ್ತಿ ನಮ್ಮ ನಂಬರಿನಲ್ಲೇ ಇತ್ತು. ಕೊಟ್ಟಿಗೆಯೂ ಅಂಗಳದ ಅರ್ಧವೂ ಅಡಕೆ ಚಪ್ಪರವೂ ಗೆರೆಯ ಆಚೆ. ಇನ್ನೊಂದು ಬದಿಯಲ್ಲಿ ನಮ್ಮದೇ ಎರಡು ಗುಂಟೆ ಆಚೆ ಮನೆಯವರ ಗದ್ದೆಗೆ ಸೇರಿಹೋಗಿತ್ತು. ಕಲ್ಲು ತೋರಿಸಿದವರಿಗೆ ಅದೇ ಕಲ್ಲಿನಿಂದ ಎರಡು ಗುಂಟೆ ನಷ್ಟ. ಅವರಿಗೆ ಅದು ಅಷ್ಟರಲ್ಲೇ ಅರ್ಥವಾಗಿತ್ತೆಂದು ಕಾಣುತ್ತದೆ. ಆದರೂ ತೋರಿಸಿದ್ದರು.

ಆ ‘ಬ’ ಖರಾಬು ಏನೆಂಬುದೂ ತಿಳಿಯಿತು. ನಮ್ಮ ಅಂಗಳದ ಕೆಳ ಅಂಚಿನಲ್ಲಿ, ದಣಪೆ ದಾಟಿ, ಆಚೆ ಮನೆಯವರು ದಿನಾ ಓಡಾಡುವ ಕಾಲುದಾರಿ. ನಮ್ಮ ಔದಾರ್ಯದಿಂದ ಅವರು ಓಡಾಡುತ್ತಿದ್ದಾರೆ ಎಂದು ನಾವು ಅಂದುಕೊಂಡಿದ್ದೆವು. ಬೇಸಗೆಯಲ್ಲಿ ಒಮ್ಮೆ ಜಗಳವಾಗಿ ದಣಪೆಗೆ ಸರಪಳಿ ಹಾಕಿದ್ದೂ ಉಂಟು. ಆ ದಾರಿ ಟಿಪ್ಪಣಿಯಲ್ಲಿ ಮೊದಲಿನಿಂದಲೂ ಇತ್ತು.

ರಾತ್ರಿ ಬೆಂಗಳೂರಿನಿಂದ ಮಗನ ಫೋನು ಬಂತು. ಇನ್ನೂರೈವತ್ತು ಸೆಂಟ್ಸ್ ಎಂದು ಮಾತಾಗಿದ್ದದ್ದು ಇನ್ನೂರಹತ್ತಕ್ಕೆ ಇಳಿದಿತ್ತು. “ಅಪ್ಪಯ್ಯ, ಅಳತೆ ಮಾಡಿಸದೇ ಇದ್ದಿದ್ರೆ ಒಳ್ಳೇದಿತ್ತು. ಅವ್ರು ಬೇಲಿ ನೋಡಿ ಒಪ್ಪಿದ್ರು.” ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಗೊತ್ತಿಲ್ದೆ ಮಾರೂದು ಬೇರೆ. ಈಗ ಗೊತ್ತಾಯ್ತಲ್ಲ.”

ಕಾನೂನೂ ಬಹುಮಟ್ಟಿಗೆ ಇದನ್ನೇ ಹೇಳುತ್ತದೆ. 1882ರ ಸ್ವತ್ತು ಹಸ್ತಾಂತರ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ಮುಖ್ಯವಾದ ದೋಷವಿದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ ಸಾಮಾನ್ಯ ಎಚ್ಚರಿಕೆಯಿಂದ ಅವನ ಕಣ್ಣಿಗೆ ಬೀಳದಂತಿದ್ದರೆ, ಮಾರುವವನು ಅದನ್ನು ಹೇಳಲೇಬೇಕು. ಹಾಗಾದರೆ ತಿಳಿಯದೇ ಇರುವುದೇ ಕ್ಷೇಮವಲ್ಲವೇ ಎಂದು ಯಾರಾದರೂ ಕೇಳಬಹುದು. ತಿಳಿಯದೇ ಮಾರಿದವರ ಜಗಳ ಮುಂದೆ ಕೋರ್ಟಿಗೆ ಹೋಗುತ್ತದೆ. ಚಕ್ಕುಬಂದಿಗೂ ವಿಸ್ತೀರ್ಣಕ್ಕೂ ತಾಳೆಯಾಗದಿದ್ದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಯ ಕಡೆ ವಾಲುತ್ತವೆ. ಆಗ ‘ಪಶ್ಚಿಮಕ್ಕೆ ಬೆಟ್ಟ’ ಎಂಬ ಎರಡು ಪದಗಳ ಅರ್ಥಕ್ಕಾಗಿ ಎರಡು ಕುಟುಂಬಗಳು ವರ್ಷಗಟ್ಟಲೆ ಅಲೆಯುತ್ತವೆ.

1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಟೊರೆನ್ಸ್ ಎಂಬಾತ ತಂದ ಪದ್ಧತಿಯಲ್ಲಿ ಸರ್ಕಾರದ ದಫ್ತರದಲ್ಲಿ ಹೆಸರಿದ್ದರೆ ಒಡೆತನಕ್ಕೆ ಸರ್ಕಾರವೇ ಖಾತರಿ. ನಮ್ಮಲ್ಲಿ ಹಾಗಿಲ್ಲ. ಪಹಣಿಯಲ್ಲಿರುವುದನ್ನು, ತಪ್ಪೆಂದು ತೋರಿಸುವವರೆಗೆ, ಸರಿಯೆಂದು ಭಾವಿಸಬೇಕು ಎಂದಷ್ಟೇ ನಮ್ಮ ಕಾಯ್ದೆಯ 133ನೆಯ ಕಲಂ ಹೇಳುತ್ತದೆ. ಹಾಗಾಗಿ ತಾಳೆ ನೋಡುವ ಹೊಣೆ ನಮ್ಮ ಮೇಲೆಯೇ ಇದೆ.

ಆಮೇಲೆ ನಡೆದದ್ದು ಇಷ್ಟು. ಕೊಳ್ಳುವವರನ್ನು ಕರೆಸಿ, ನಕ್ಷೆ ಮುಂದಿಟ್ಟು, ಗೆರೆಯ ಆಚೆ ಏನಿದೆ ಈಚೆ ಏನಿದೆ ಎಂದು ದೊಡ್ಡಪ್ಪ ಅಂಗಳದಲ್ಲಿ ನಡೆದು ತೋರಿಸಿದರು. ಅವರು ಎರಡು ವಾರ ಸುಮ್ಮನಿದ್ದರು. ಬೇಡವೆಂದರೇನೋ ಎಂದು ಮನೆಯಲ್ಲಿ ಎಲ್ಲರಿಗೂ ಕಳವಳ. ಕೊನೆಗೆ ಬಂದು, 2 ಎಕರೆ 4 ಗುಂಟೆಯ ಲೆಕ್ಕಕ್ಕೆ ಬೆಲೆ ಇಳಿಸಿ ಒಪ್ಪಿಕೊಂಡರು. ಆಚೆ ಮನೆಯ ಹಿರಿಯರು ಎರಡು ಗುಂಟೆ ಬಿಟ್ಟುಕೊಟ್ಟು ಹೊಸ ಬೇಲಿಗೆ ತಾವೇ ಗೂಟ ಹಿಡಿದರು. ಕ್ರಯಪತ್ರದಲ್ಲಿ ಚಕ್ಕುಬಂದಿಯ ಜೊತೆಗೆ ನಕ್ಷೆಯೂ ಸೇರಿತು. ಕಾಲುದಾರಿಯ ವಿಷಯವನ್ನು ಪ್ರತ್ಯೇಕ ಸಾಲಿನಲ್ಲಿ ಬರೆಸಬೇಕೆಂದು ದೊಡ್ಡಪ್ಪ ಪಟ್ಟು ಹಿಡಿದರು. “ನಾಳೆ ಬರೋರಿಗೆ ಅವರ ಗುರುತಿರೂದಿಲ್ಲ, ಬರೆದಿದ್ರೆ ಓಡಾಡಬಹುದು” ಎಂದರು.

ಮನೆ ಹೋಯಿತೆಂಬ ದುಃಖ ನಮ್ಮೆಲ್ಲರಿಗೂ ಇದೆ. ಆದರೆ ಆ ಮನೆ ಏನಾಗಿತ್ತು ಎಂಬುದು ನನಗೆ ತಿಳಿದದ್ದು ಅದು ಹೋಗುವ ಹೊತ್ತಿನಲ್ಲಿ. ಅರ್ಧ ಅಂಗಳ ಸರ್ಕಾರದ ಬೆಟ್ಟ, ಅಂಚಿನ ದಾರಿ ಎಲ್ಲರದು, ನಡುವಿನ ಮನೆಯೊಂದು ನಮ್ಮದು. ಮಲೆನಾಡಿನ ಬಹಳ ಮನೆಗಳು ಹೀಗೆಯೇ ಇರಬೇಕು. ಬಾಳುವಾಗ ಈ ಮೂರೂ ಒಂದರೊಳಗೊಂದು ಬೆರೆತಿದ್ದವು. ಕಂದಾಯದವರು ಅದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ, ನಾವೂ ಕೇಳಲಿಲ್ಲ.

ಊರಿನಲ್ಲಿ ಮನೆಯಿರುವವರು, ಮಾರುವ ಯೋಚನೆ ಇರಲಿ ಇಲ್ಲದಿರಲಿ, ನಿಮ್ಮ ಸರ್ವೆ ನಂಬರಿನ ಟಿಪ್ಪಣಿ ಮತ್ತು ಆಕಾರಬಂದಿನ ನಕಲು ತೆಗೆಸಿ, ಪಹಣಿಯ ಜೊತೆ ಇಟ್ಟು ನೋಡಿ. ತಾಳೆಯಾಗದಿದ್ದರೆ ಅಳತೆ ಮಾಡಿಸಿ. ಈಗ ರೋವರ್ ಬಂದಿದೆ, ಉಪಗ್ರಹದ ಸಹಾಯದಿಂದ ಅಂಗುಲದ ಲೆಕ್ಕದಲ್ಲಿ ಅಳೆಯುತ್ತಾರೆ. ಆದರೆ ಮಣ್ಣಿನಡಿ ಹೂತುಹೋದ ಕಲ್ಲು ಯಾವುದೆಂದು ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವವರು ಪಕ್ಕದ ಮನೆಯಲ್ಲಿದ್ದಾರೆ, ಅವರಿಗೆ ಈಗಾಗಲೇ ಎಂಬತ್ತರ ಹತ್ತಿರ. ಅವರು ಇರುವಾಗಲೇ ಕರೆಸಿ ಕೇಳಿ.